ಹಾಡುವ ಡಬ್ಬಿಗೆ ಎಂಬತ್ತೇಳು ಅಂಕ

ಜುಲೈ ತಿಂಗಳ ಮೂರನೆಯ ಶನಿವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ಭಾಲ್ಕಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಕೋಣೆ. ಹಾಜರಿದ್ದವರು ನಾಲ್ವರು: ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿ, ಮುಖ್ಯೋಪಾಧ್ಯಾಯರು, ಜವಾನ, ದೈಹಿಕ ಶಿಕ್ಷಣ ಶಿಕ್ಷಕನಾದ ನಾನು. ಇರಬೇಕಾಗಿದ್ದೂ ಇಲ್ಲದವರು ಒಬ್ಬರು, ಹಾರ್ಮೋನಿಯಂ ಮಾಸ್ತರರು. ಅವರಿಗೆ ಆ ವಾರ ರಜೆ ಕೊಟ್ಟಿದ್ದರು. ಅವರು ಕೂರುತ್ತಿದ್ದ ಕುರ್ಚಿಯ ಮುಂದೆ, ಮೇಜಿನ ಗಾಜಿನ ಮೇಲೆ, ಹೆಬ್ಬೆರಳಿನಷ್ಟು ಉದ್ದದ ಬೂದು ಬಣ್ಣದ ಡಬ್ಬಿಯೊಂದು ಇತ್ತು.

ಇದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಾನು ಈಗ ಬೀದರಿನ ನನ್ನ ಮನೆಯಲ್ಲಿದ್ದೇನೆ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ, ಕೋಟೆಯ ಕಂದಕದವರೆಗೆ ನಡೆದು ಬರುತ್ತೇನೆ, ಆರೂಕಾಲಿಗೆ ಚಹಾ ಕುಡಿಯುತ್ತೇನೆ. ಆ ವಾರದ ದಿನಚರಿ ಪುಸ್ತಕವನ್ನು ಇಟ್ಟುಕೊಂಡಿದ್ದೇನೆ. ಆದ್ದರಿಂದ ಗಂಟೆ, ನಿಮಿಷಗಳಲ್ಲಿ ತಪ್ಪಿಲ್ಲ. ತಪ್ಪು ಬೇರೆ ಕಡೆ ಇದೆ.

ಮೊದಲು ಡಬ್ಬಿಯ ವಿಷಯ. ಅದರೊಳಗೆ ಕ್ಯಾಸೆಟ್ ಇರಲಿಲ್ಲ, ತಿರುಗುವ ತಟ್ಟೆ ಇರಲಿಲ್ಲ. ಪೆನ್ಸಿಲ್ ಸೆಲ್ಲಿಗಿಂತ ತೆಳುವಾದ ಒಂದೇ ಸೆಲ್. ಉಗುರಿನಷ್ಟು ಪರದೆ, ಅದರಲ್ಲಿ ಹಸಿರು ಬೆಳಕು. ಮೂವತ್ತು ಹಾಡು ಹಿಡಿಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಸೂಜಿ ಚುಚ್ಚಿದಂಥ ತೂತಿನ ಎದುರು ಹಾಡಿದರೆ ತಾನೇ ತುಂಬಿಕೊಳ್ಳುತ್ತಿತ್ತು. ಕಿವಿಗೆ ಹಾಕುವ ತಂತಿಯ ಜಾಗದಲ್ಲಿ ಬೇರೆ ತಂತಿ ಸಿಕ್ಕಿಸಿದರೆ ಶಾಲೆಯ ಧ್ವನಿವರ್ಧಕದಲ್ಲಿ ಕೇಳಿಸುತ್ತಿತ್ತು. ಆಗಿನ್ನೂ ನಮ್ಮಲ್ಲಿ ಅಂಥದ್ದನ್ನು ಕಂಡವರು ಕಡಿಮೆ. ಮೊಬೈಲ್ ಇದ್ದವರ ಮೊಬೈಲು ಮಾತಾಡಲಿಕ್ಕೆ ಮಾತ್ರ ಬರುತ್ತಿತ್ತು.

ಕಾರ್ಯದರ್ಶಿ ತೊಗರಿ, ಕಡಲೆಯ ಅಡತಿ ವ್ಯಾಪಾರಿ. ಅದನ್ನು ಹೈದರಾಬಾದಿನಿಂದ ತಂದವರು ಅವರೇ. ತರಲಿಕ್ಕೆ ಕಾರಣವಿತ್ತು. ಹಿಂದಿನ ಚಳಿಗಾಲದಲ್ಲಿ ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದ ದಿನ ಔರಾದಿನ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಆ ಬಸ್ಸಿನಲ್ಲಿ ಹಾರ್ಮೋನಿಯಂ ಮಾಸ್ತರರಿದ್ದರು. ಪ್ರಾರ್ಥನೆ ಒಂಬತ್ತು ನಿಮಿಷ ತಡವಾಯಿತು. ಅಧಿಕಾರಿ ಬಿಸಿಲಿಗೆ ನಿಂತು ಗಡಿಯಾರ ನೋಡಿಕೊಂಡರು. ಕಾರ್ಯದರ್ಶಿಗೆ ಅದು ಮರೆಯಲಾಗದ ಅವಮಾನ.

ಜುಲೈ ಮೊದಲ ವಾರದಲ್ಲಿ ನನ್ನನ್ನು ಅಂಗಡಿಗೆ ಕರೆಸಿದರು. ತೊಗರಿಯ ಚೀಲಗಳ ನಡುವೆ ಗಾದಿಯ ಮೇಲೆ ಕುಳಿತು ಡಬ್ಬಿಯನ್ನು ನನ್ನ ಅಂಗೈಗೆ ಹಾಕಿದರು.

"ಪಿ.ಟಿ. ಸರ್, ಇದಕ್ಕ ಬಸ್ಸಿಲ್ಲ, ಜ್ವರ ಇಲ್ಲ, ಅವ್ವನ ಮನಿ ಮದುವಿ ಇಲ್ಲ. ಗುಂಡಿ ಒತ್ತಿದ್ರ ಹಾಡ್ತದ."

"ಇದ್ರಾಗ ಯಾರು ಹಾಡ್ಯಾರ್ರಿ ಸಾವ್ಕಾರ್ರ?"

"ಸದ್ಯಕ್ಕ ಖಾಲಿ ಅದ. ನಮ್ಮ ಮಾಸ್ತರಂದೇ ತುಂಬ್ರಿ. ಅವನ ದನಿ ಛಲೋ ಅದ, ಕಾಲೇ ಹೊತ್ತಿಗಿ ಬರಂಗಿಲ್ಲ."

ಅಂಗಡಿಯಲ್ಲಿ ಕುಳಿತಿದ್ದ ಸಂಸ್ಥೆಯ ಇಬ್ಬರು ಸದಸ್ಯರು ನಕ್ಕರು. ಕಾರ್ಯದರ್ಶಿ ಅವರನ್ನು ಸಾಕ್ಷಿಗೆ ಇಟ್ಟುಕೊಂಡಂತೆ ಮಾತು ಮುಂದುವರಿಸಿದರು.

"ಖಾಲಿಪಿಲಿ ಒಬ್ಬರ ಅನ್ನ ಕಿತ್ತೀನಿ ಅಂತ ಯಾರೂ ಅನ್ಬಾರ್ದು. ನೀವು ಒಂದು ವಾರ ನಡಸಿ ನೋಡ್ರಿ, ನೂರಕ್ಕ ಎಷ್ಟು ಅಂತ ಮಾರ್ಕ್ ಹಾಕ್ರಿ. ಎಪ್ಪತ್ತೈದಕ್ಕ ಕಮ್ಮಿ ಬಂತಂದ್ರ ಡಬ್ಬಿ ನನ್ನ ಮನಿಗಿ ಒಯ್ತೇನಿ, ಮಾಸ್ತರ ಇರ್ತಾನ. ಹೆಚ್ಚ ಬಂತಂದ್ರ ಡಬ್ಬಿ ಇರ್ತದ. ನಿಮ್ಮ ಮಾತು ಅಂದ್ರ ತಕ್ಕಡಿ ಇದ್ದಂಗ."

ಈ ಕೊನೆಯ ಮಾತು ನನಗೆ ಹಿತವಾಯಿತು ಎಂಬುದನ್ನು ಬರೆಯಲೇಬೇಕು.

ಹಾರ್ಮೋನಿಯಂ ಮಾಸ್ತರರು ಹನ್ನೊಂದು ವರ್ಷದಿಂದ ನಮ್ಮಲ್ಲಿದ್ದರು. ಸರಕಾರದ ನೇಮಕವಲ್ಲ, ಸಂಸ್ಥೆಯದು. ಬೇಕೆಂದಾಗ ಇಟ್ಟುಕೊಂಡು ಬೇಡವೆಂದಾಗ ಬಿಡಿಸಬಹುದು. ಊರು ಎಕಂಬಾ. ಹೆಂಡತಿಯೊಂದಿಗೆ ಔರಾದಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಅಲ್ಲಿಂದ ದಿನಾಲೂ ಬಸ್ಸಿಗೆ ಬರುತ್ತಿದ್ದರು. ವಾರಕ್ಕೆ ಎರಡು ಸಲವಾದರೂ ತಡ. ಶಿಕ್ಷಕರ ತಡದ ಹೊತ್ತು ಬರೆಯುವ ಪುಸ್ತಕ ನನ್ನ ಜಿಮ್ಮಾ ಇತ್ತು. ಅದರ ಅರ್ಧಕ್ಕಿಂತ ಹೆಚ್ಚು ಸಾಲು ಅವರವು. ನಾನು ನಿಮಿಷ ಬರೆಯುವಾಗ ಅವರು ಪಕ್ಕದಲ್ಲಿ ನಿಂತು, "ಎರಡು ನಿಮಿಷ ಗುಡಿ ಗಂಟಿಗೆ ಬಿಡ್ರಿ ಸರ್," ಎಂದು ಚೌಕಾಸಿ ಮಾಡುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಅವರು ನಗುತ್ತಲೇ ಸಹಿ ಹಾಕಿ, ಹುರಿದ ಶೇಂಗಾದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲೆ ಒಂದು ಮುಷ್ಟಿ ಸುರಿದು ಹೋಗುತ್ತಿದ್ದರು.

ನಾನು ಬೆಳೆದದ್ದು ಬೀದರಿನ ಒಂದು ಬೋರ್ಡಿಂಗಿನಲ್ಲಿ. ಅಲ್ಲಿ ಗಂಟೆ ಬಾರಿಸಿದ ಮೇಲೆ ಬಂದವನಿಗೆ ಆ ಹೊತ್ತಿನ ಊಟ ಇಲ್ಲ. ಹಾಜರಿ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ತಿದ್ದುವ ಹಾಗಿಲ್ಲ. ಒಬ್ಬ ಹುಡುಗ ಬ್ಲೇಡಿನಿಂದ ಒಂದು ಅಂಕಿ ಕೆರೆದದ್ದಕ್ಕೆ ವಾರ್ಡನ್ನರು ಅವನನ್ನು ಮೂರು ದಿನ ಪಂಕ್ತಿಯ ಹೊರಗೆ ಕೂರಿಸಿದ್ದರು. ತಿದ್ದಿದ ಅಂಕಿ ಸುಳ್ಳು ಅಂಕಿ ಎಂದು ನಾವೆಲ್ಲ ಕಲಿತೆವು. ನಾನು ಚೆನ್ನಾಗಿಯೇ ಕಲಿತೆ. ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಒಂದು ಪುಸ್ತಕದಲ್ಲೂ ಹೊಡೆದು ಬರೆದ ಸಾಲಿಲ್ಲ.

ಹಾಡು ತುಂಬಿಸಿದ್ದು ಎರಡನೆಯ ಶನಿವಾರದ ಮಧ್ಯಾಹ್ನ, ಪ್ರಯೋಗಶಾಲೆಯಲ್ಲಿ. ಕಿಟಕಿಗೆ ಚಾಪೆ ಕಟ್ಟಿಸಿದೆ. ಹಾರ್ಮೋನಿಯಂ ಹತ್ತಿರವಿದ್ದರೆ ಡಬ್ಬಿ ಅದರ ದನಿಯನ್ನೇ ಹಿಡಿದು ಹಾಡನ್ನು ನುಂಗುತ್ತಿತ್ತು. ಓಟದ ಅಂಕಣ ಅಳೆಯುವ ಟೇಪಿನಿಂದ ಅಳೆದು, ಹಾರ್ಮೋನಿಯಂ ಆರು ಅಡಿ ದೂರ, ಮಾಸ್ತರರ ಬಾಯಿ ಒಂದೂವರೆ ಅಡಿ ದೂರ ಎಂದು ಗೊತ್ತುಮಾಡಿದೆ. ಒಬ್ಬರೇ ಎರಡೂ ಕಡೆ ಹೇಗಿರುವುದು? ಕೊನೆಗೆ ಹಾರ್ಮೋನಿಯಂ ಬಿಟ್ಟು ಬರಿ ಗಂಟಲಿನಿಂದ ಹಾಡುವುದೆಂದಾಯಿತು. ಅವರು ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು.

"ಇದು ಯಾಕ್ರಿ ಸರ್?"

"ಪರೀಕ್ಷಾಕ್ಕ."

"ಯಾರ ಪರೀಕ್ಷಾರಿ?"

"ಡಬ್ಬಿದು."

"ಹಂಗಾದ್ರ ಛಲೋತ್ನಾಗಿ ಹಾಡ್ತೇನಿ ಬಿಡ್ರಿ. ಪಾಪ, ಹೈದರಾಬಾದಿಂದ ಬಂದದ. ನನ್ನ ಸಲುವಾಗಿ ಫೇಲ್ ಆಗೋದು ಬ್ಯಾಡ."

ಎಪ್ಪತ್ತೈದರ ಮಾತನ್ನು ನಾನು ಆಗ ಹೇಳಬಹುದಿತ್ತು. ಹೇಳಿದರೆ ಅವರು ಬೇಕೆಂದೇ ಕೆಡಿಸಿ ಹಾಡಬಹುದು, ಪರೀಕ್ಷೆ ಶುದ್ಧವಾಗಿ ಉಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಅಂಥವರಲ್ಲ ಎಂಬುದು ಹನ್ನೊಂದು ವರ್ಷದಿಂದ ನನಗೆ ಗೊತ್ತಿತ್ತು.

ಪ್ರಾರ್ಥನೆ ಒಂದು ವಚನ. ಅದಕ್ಕೆ ಅವರು ದಿನಾಲೂ ನಾಲ್ಕೂವರೆ ನಿಮಿಷ ತೆಗೆದುಕೊಳ್ಳುತ್ತಿದ್ದರು. ರಾಷ್ಟ್ರಗೀತೆಗೆ ಐವತ್ತೆರಡು ಸೆಕೆಂಡು ಎಂಬುದು ನಿಯಮ, ಅವರದು ಒಂದು ನಿಮಿಷ ದಾಟುತ್ತಿತ್ತು. ಕಾರಣ ನನಗೆ ಕಾಣುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಅವರು ಹಾರ್ಮೋನಿಯಂನ ಗಾಳಿ ಹಿಡಿದು, ತಲೆ ಎತ್ತಿ, ಮೈದಾನದ ಆಚೆ ಬೇವಿನ ಮರದ ಕಡೆ ನೋಡುತ್ತ ನಿಲ್ಲುತ್ತಿದ್ದರು. ಭಜನೆಯ ಮನೆಗಳಲ್ಲಿ ಬಿದ್ದ ಚಾಳಿ ಎಂದುಕೊಂಡಿದ್ದೆ. ಪ್ರಯೋಗಶಾಲೆಯಲ್ಲೂ ಅವರು ಹಾಗೆಯೇ ಸಾಲಿನ ಕೊನೆಗೆ ನಿಂತರು. ನಾನು ಓಟದ ಗಡಿಯಾರ ಹಿಡಿದು, ಕೈ ಬೀಸಿ ಮುಂದೆ ಸಾಗಿಸಿದೆ. ಆರು ಸಲ ಹಾಡಿಸಿದೆ. ಆರನೆಯ ಸಲ ಪ್ರಾರ್ಥನೆ ಮೂರು ನಿಮಿಷ ಹತ್ತು ಸೆಕೆಂಡಿಗೆ ಬಂತು, ರಾಷ್ಟ್ರಗೀತೆ ಐವತ್ತೆರಡಕ್ಕೆ. ಮಾಸ್ತರರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. "ಓಟದಾಗ ನನಗ ಬಹುಮಾನ ಕೊಡ್ರಿ ಸರ್," ಎಂದರು. ಒಂದು ವಾರ ಬರುವುದು ಬೇಡ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ಖುಷಿಯಿಂದಲೇ ಎಕಂಬಾಕ್ಕೆ, ಹೊಲದ ಕಡೆ ಹೋದರು.

ಸೋಮವಾರದಿಂದ ಪರೀಕ್ಷೆ. ಐದು ಕಾಲಂ ಹಾಕಿದೆ, ಒಂದೊಂದಕ್ಕೆ ಇಪ್ಪತ್ತು ಅಂಕ: ಸಮಯ, ಧ್ವನಿ, ಬಳಕೆ, ಬಾಳಿಕೆ, ಶಿಸ್ತು.

ಮೊದಲ ದಿನ ನಗೆಪಾಟಲಾಯಿತು. ಗುಂಡಿಯನ್ನು ಎರಡು ಸಲ ಒತ್ತಿದೆನೋ ಏನೋ, ಪ್ರಾರ್ಥನೆಯ ಬದಲು ರಾಷ್ಟ್ರಗೀತೆ ಮೊದಲು ಬಂತು. ಮಕ್ಕಳು ಗಾಬರಿಯಿಂದ ಸಾವಧಾನ ಸ್ಥಿತಿಗೆ ಬಂದರು. ಅದು ಮುಗಿದದ್ದೇ ಎಂಟನೆಯ ಇಯತ್ತೆಯವರು ಎಲ್ಲ ಮುಗಿಯಿತೆಂದು ತರಗತಿಯ ಕಡೆ ತಿರುಗಿ ನಡೆದೇಬಿಟ್ಟರು. ಬಳಕೆಯಲ್ಲಿ ಮೂರು ಅಂಕ ಕಳೆದೆ, ಹದಿನೇಳು. ಎರಡನೆಯ ದಿನ ಡಬ್ಬಿಯನ್ನು ಸೊಂಟದ ಎತ್ತರದಿಂದ ಶಹಾಬಾದಿ ಕಲ್ಲಿನ ಫರಸಿಯ ಮೇಲೆ ಬೇಕೆಂದೇ ಬೀಳಿಸಿದೆ. ಮುಚ್ಚಳ ಹಾರಿ ಸೆಲ್ ಮೂಲೆಗೆ ಉರುಳಿತು. ಹಾಕಿ ಒತ್ತಿದರೆ ಮತ್ತೆ ಹಾಡಿತು. ಬಾಳಿಕೆಗೆ ಹದಿನಾಲ್ಕು. ಅಷ್ಟು ಸಹ ಕೊಡಬಾರದಿತ್ತು. ಎರಡನೆಯ ಮಳೆಗಾಲಕ್ಕೆ ಸೆಲ್ ಒಳಗೇ ಸೋರಿ ಡಬ್ಬಿ ಸತ್ತಿತು, ಅದರೊಳಗಿನ ದನಿಯೂ ಹೋಯಿತು. ಅಷ್ಟಾದ ಮೇಲೂ ಮಾಸ್ತರರನ್ನು ಕರೆಸಲಿಲ್ಲ. ಯಾರದೋ ದನಿ ತುಂಬಿದ ಇನ್ನೊಂದು ಡಬ್ಬಿ ತಂದರು.

ಮೂರನೆಯ ದಿನ ಜಿಟಿ ಮಳೆ, ಗಾಳಿ. ನಾನು ಬೇವಿನ ಮರದ ತನಕ ನಡೆದು ಹೋಗಿ ಕೇಳಿದೆ. ಶಬ್ದಗಳು ಬಿಡಿಬಿಡಿಯಾಗಿ ಕೇಳಿಸಿದವು. ಧ್ವನಿಗೆ ಹದಿನಾರು. ನಾಲ್ಕನೆಯ ದಿನ ಕರೆಂಟು ಹೋಯಿತು, ಧ್ವನಿವರ್ಧಕವನ್ನು ಬ್ಯಾಟರಿಗೆ ಹಚ್ಚಿ ಹತ್ತಕ್ಕೆ ಹತ್ತು ನಿಮಿಷವಿರುವಾಗ ಸರಿಯಾಗಿ ಗುಂಡಿ ಒತ್ತಿದೆ. ನಾಲ್ಕು ದಿನವೂ ಒಂದು ಸೆಕೆಂಡು ಹಿಂದೆಮುಂದೆ ಇಲ್ಲ. ಸಮಯಕ್ಕೆ ಇಪ್ಪತ್ತಕ್ಕೆ ಇಪ್ಪತ್ತು.

ಶುಕ್ರವಾರ ಸೆಲ್ಲಿನ ಪರೀಕ್ಷೆ. ಎಷ್ಟು ಹೊತ್ತು ತಾಳುತ್ತದೆ ನೋಡಬೇಕೆಂದು ಬೆಳಗಿನಿಂದ ಹಾಡಲು ಬಿಟ್ಟೆ. ಸಂಜೆ ಬೀದರಿಗೆ ಹೋಗುವ ರೈಲಿನಲ್ಲೂ ನಡೆಯುತ್ತಲೇ ಇತ್ತು. ತಂತಿಯನ್ನು ಕಿವಿಗೆ ಹಾಕಿಕೊಂಡು ಕಿಟಕಿಯ ಪಕ್ಕ ಕುಳಿತೆ. ಹನ್ನೊಂದು ವರ್ಷ ನಾನು ಮಾಸ್ತರರ ಹಾಡಿಗೆ ಮಕ್ಕಳ ಸಾಲು ನೋಡುತ್ತ ನಿಂತಿದ್ದೆ, ಹಾಡು ಕೇಳಿರಲಿಲ್ಲ. ಅಂದು ಕೇಳಿದೆ. ತೆರೆದ, ಸ್ವಲ್ಪ ಒರಟಾದ ದನಿ. ಮೇಲೆ ಏರುವಲ್ಲಿ ಎಲ್ಲೂ ನಟನೆಯಿಲ್ಲ. ಎದುರಿಗೆ ಕುಳಿತ ಮುದುಕಿ, "ಕಿವ್ಯಾಗ ಏನಾಗ್ಯದೋ ಯಪ್ಪಾ, ದವಾಖಾನಿಗಿ ತೋರ್ಸು," ಎಂದಳು. ಒಂದು ತುದಿಯನ್ನು ಅವಳ ಕಿವಿಗೆ ಹಿಡಿದೆ. ಕಣ್ಣು ಮುಚ್ಚಿ ಎರಡು ಸಾಲು ಕೇಳಿ, "ಯಾವೂರ ಶರಣರೋ," ಎಂದಳು. ಆ ಪ್ರಯಾಣದಲ್ಲಿ ನಾನು ಸಂತೋಷವಾಗಿದ್ದೆ. ಅದನ್ನು ಬರೆಯಲು ಯಾವ ಕಾಲಮ್ಮೂ ಇರಲಿಲ್ಲ.

ಉಳಿದದ್ದು ಶಿಸ್ತು. ಅದನ್ನು ನಾನು ತುಂಬಿದ್ದು ಗುರುವಾರವೇ. ಮಾಸ್ತರರು ಹಾಡುವಾಗ ಮಕ್ಕಳ ದನಿ ಒಂದೇ ಸಮ ಇರುತ್ತಿರಲಿಲ್ಲ. ಮುಂದಿನವರು ಸಾಲು ಮುಗಿಸಿದ ಮೇಲೆ ಹಿಂದಿನವರದು ತೆವಳಿಕೊಂಡು ಬರುತ್ತಿತ್ತು. ಒಬ್ಬ ಕೂಗುತ್ತಿದ್ದ, ಒಬ್ಬಳು ತಪ್ಪು ಶಬ್ದ ಹೇಳುತ್ತಿದ್ದಳು. ಡಬ್ಬಿ ಬಂದ ಸೋಮವಾರ ಅವರು ಅದರ ಜೊತೆ ಹಾಡಲು ನೋಡಿದರು. ಮಂಗಳವಾರ ಹಿಂದೆ ಬಿದ್ದರು. ಬುಧವಾರ ಮುಂದಿನ ಎರಡು ಸಾಲು ಮಾತ್ರ ಹಾಡಿತು. ಗುರುವಾರ ಯಾರೂ ಹಾಡಲಿಲ್ಲ. ಕೈ ಪಕ್ಕಕ್ಕೆ, ಎದೆ ಮುಂದಕ್ಕೆ, ತುಟಿ ಮುಚ್ಚಿ ನಿಂತಿದ್ದರು. ಒಬ್ಬರೂ ಮಿಸುಕಲಿಲ್ಲ. ನನ್ನ ನೌಕರಿಯಲ್ಲಿ ಅಷ್ಟು ಅಚ್ಚುಕಟ್ಟಾದ ಪ್ರಾರ್ಥನೆಯನ್ನು ನಾನು ನೋಡಿರಲಿಲ್ಲ. ಶಿಸ್ತು, ಇಪ್ಪತ್ತಕ್ಕೆ ಇಪ್ಪತ್ತು ಎಂದು ನೀಲಿ ಶಾಯಿಯಲ್ಲಿ ಬರೆದೆ.

ಈಗ ಶನಿವಾರಕ್ಕೆ ಮರಳುತ್ತೇನೆ. ಶನಿವಾರ ಬೆಳಗಿನ ಶಾಲೆ, ಎಂಟಕ್ಕೆ ಪ್ರಾರ್ಥನೆ, ಆಮೇಲೆ ಸಾಮೂಹಿಕ ಕವಾಯತು. ಬಿಳಿ ಅಂಗಿ, ಬಿಳಿ ಬೂಟು ಹಾಕಿದ ಮಕ್ಕಳು ಸುಣ್ಣದ ಗೆರೆಯ ಮೇಲೆ ನಿಂತಿದ್ದರು. ಕಾರ್ಯದರ್ಶಿಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿದೆ. ಎಂಟು ಗಂಟೆಗೆ ಗುಂಡಿ ಒತ್ತಿದೆ. ಮಾಸ್ತರರ ದನಿ ಮೈದಾನದ ಮೇಲೆ ಹರಡಿತು. ಮಕ್ಕಳ ಮುನ್ನೂರು ಬಾಯಿ ಮುಚ್ಚಿದ್ದವು.

"ಮಿಲ್ಟ್ರಿ ಹಂಗ ಕಾಣ್ತದ ನೋಡ್ರಿ," ಎಂದು ಕಾರ್ಯದರ್ಶಿ ಮುಖ್ಯೋಪಾಧ್ಯಾಯರಿಗೆ ಹೇಳಿದರು. ಮುಖ್ಯೋಪಾಧ್ಯಾಯರು ತಲೆಯಾಡಿಸಿದರು. ಅವರು ಎಲ್ಲದಕ್ಕೂ ತಲೆಯಾಡಿಸುವವರು.

ಕವಾಯತು ಮುಗಿಸಿ ನಾನು ತಂತಿ ಸುತ್ತುತ್ತಿದ್ದಾಗ ಜವಾನ ಹತ್ತಿರ ಬಂದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹಿರಿಯರು. ಅವರ ಮನೆಯ ಮಾತು ಉರ್ದು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅವರ ಮೊಮ್ಮಗಳು ಎಂಟನೆಯ ಇಯತ್ತೆಯಲ್ಲಿದ್ದಳು.

"ಸರ್, ಒಂದ್ ಮಾತ್ ಕೇಳ್ಲೇನ್ರಿ?"

"ಕೇಳ್ರಿ ಚಾಚಾ."

"ಮಕ್ಳ ಬಾಯಿ ಎಲ್ಲಿ ಹೋದ್ವು?"

ನಾನು ತಂತಿ ಸುತ್ತುವುದನ್ನು ನಿಲ್ಲಿಸಿದೆ.

"ನಮ್ಮ ಮೊಮ್ಮಗಳು ರೊಟ್ಟಿ ಬಡಿಯೋಮುಂದ ಇದೇ ಹಾಡ್ತಿದ್ಳು ಸರ್. ಅರ್ಧ ತಪ್ಪು ಹಾಡ್ತಿದ್ಳು, ಅವಳ ದಾದಿ, ನಮ್ಮ ಮನ್ಯಾಕಿ, ನಗ್ತಿದ್ಳು. ಈಗ ಹಾಡವಲ್ಲಳು. ಯಾಕ ಬೇಟಿ ಅಂದ್ರ, ಡಬ್ಬಾ ಹಾಡ್ತದ ದಾದಾ, ನಾ ಯಾಕ ಹಾಡ್ಲಿ ಅಂತಾಳ. ನೀವು ಇದಕ್ಕ ಎಷ್ಟ ಮಾರ್ಕ್ ಹಾಕೀರಿ?"

"ಅದು ಕಾಗದದಾಗ ಅದ ಚಾಚಾ."

"ಹಾಂ, ಕಾಗದದಾಗ ಇರ್ತದ ಬಿಡ್ರಿ," ಎಂದು ಅವರು ಕುರ್ಚಿ ಎತ್ತಿಕೊಂಡು ಹೋದರು.

ಮೌಲ್ಯಮಾಪನದ ಹಾಳೆ ನನ್ನ ಅಂಗಿಯ ಜೇಬಿನಲ್ಲಿತ್ತು. ಕಾರ್ಯದರ್ಶಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಹಾಳೆ ಒಪ್ಪಿಸಲು ನನಗೆ ಹನ್ನೊಂದು ನಿಮಿಷ ಸಮಯವಿತ್ತು. ವ್ಯಾಯಾಮ ಸಾಮಾನಿನ ಕೋಣೆಗೆ ಹೋಗಿ ಹಾಳೆ ಬಿಚ್ಚಿದೆ. ಇಪ್ಪತ್ತು, ಹದಿನಾರು, ಹದಿನೇಳು, ಹದಿನಾಲ್ಕು, ಇಪ್ಪತ್ತು. ಒಟ್ಟು ಎಂಬತ್ತೇಳು. ಕೊನೆಯ ಇಪ್ಪತ್ತನ್ನು ಹೊಡೆದು ಹಾಕಿದರೆ ಅರವತ್ತೇಳು. ಡಬ್ಬಿ ಸಾವ್ಕಾರರ ಮನೆಗೆ ಹೋಗುತ್ತಿತ್ತು, ಮಾಸ್ತರರು ಸೋಮವಾರ ತಡವಾಗಿ ಬರುತ್ತಿದ್ದರು. ಪೆನ್ನಿನ ಟೊಪ್ಪಿಗೆ ತೆಗೆದೆ. ಆ ನೀಲಿ ಅಂಕಿಯ ಮೇಲೆ ಗೆರೆ ಎಳೆಯಲು ಕೈ ಏಳಲಿಲ್ಲ. ಹಾಳೆಯ ಮೇಲೆ ಹೊಡೆದು ಬರೆದ ಗುರುತು ಉಳಿಯುತ್ತದೆ, ಕೇಳಿದರೆ ಏನು ಹೇಳಲಿ, ಮಕ್ಕಳು ಮಾತಾಡದೆ ನಿಂತದ್ದು ತಪ್ಪೆಂದು ಒಬ್ಬ ಪಿ.ಟಿ. ಮಾಸ್ತರ ಹೇಳಿದರೆ ಯಾರು ಒಪ್ಪುತ್ತಾರೆ, ಹೀಗೆಲ್ಲ ಲೆಕ್ಕ ಹಾಕಿದೆ. ಹೊಸ ಹಾಳೆ ತೆಗೆದು ಎಲ್ಲವನ್ನೂ ಬೇರೆಯಾಗಿ ಬರೆಯಬಹುದಿತ್ತು. ಅದು ಅಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಎರಡು ದಿನದ ಮೇಲೆ, ಸೋಮವಾರ, ಗುಂಡಿ ಒತ್ತುವಾಗ.

ಹಾಳೆ ಕೊಟ್ಟೆ. ಕಾರ್ಯದರ್ಶಿ ಕಾಲಮ್ಮುಗಳನ್ನು ಓದಲಿಲ್ಲ. ಕೆಳಗಿನ ಒಟ್ಟು ನೋಡಿದರು.

"ಎಂಬತ್ತೇಳು. ಡಬ್ಬಿ ಫಸ್ಟ್ ಕ್ಲಾಸ್ ಪಾಸ್."

ಮುಖ್ಯೋಪಾಧ್ಯಾಯರು ಕಪಾಟಿನಿಂದ ಟೈಪ್ ಮಾಡಿದ ಪತ್ರ ತೆಗೆದರು. ಸೇವೆಯಿಂದ ಬಿಡುಗಡೆ ಮಾಡುವ ಪತ್ರ. ಅಂಕದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು. ಅಲ್ಲಿ ಪೆನ್ನಿನಿಂದ ಎಂಬತ್ತೇಳು ಎಂದು ತುಂಬಿದರು. ಕಾರ್ಯದರ್ಶಿ ಸಹಿ ಹಾಕಿ ಎರಡೂ ಪ್ರತಿ ನನ್ನ ಕೈಗೆ ಕೊಟ್ಟರು.

"ಟಪಾಲಿಗೆ ಹಾಕಿದ್ರ ಮುಟ್ಟಿಲ್ಲ ಅಂತಾನ. ಹ್ಯಾಂಗೂ ಬೆಳಗಿನ ಸಾಲಿ, ಇವತ್ತೇ ಔರಾದಕ್ಕ ಹೋಗಿ ಕೊಟ್ಟು ಸಹಿ ತಗೋರಿ ಸರ್. ಡಬ್ಬಿ ಇನ್ನ ನಿಮ್ಮ ಜಿಮ್ಮಾ. ಸೋಮವಾರದಿಂದ ನೀವೇ ಒತ್ರಿ."

ಬೇರೆಯವರನ್ನು ಕಳಿಸಿರಿ ಎನ್ನಬಹುದಿತ್ತು. ಕೊಟ್ಟ ಕೆಲಸಕ್ಕೆ ಇಲ್ಲ ಎಂದು ಹೇಳಿ ನನಗೆ ರೂಢಿ ಇರಲಿಲ್ಲ. ಮಧ್ಯಾಹ್ನ ಒಂದೂವರೆಯ ಬಸ್ಸು ಹಿಡಿದೆ. ಅದು ತಡವಾಗಿ ಹೊರಟಿತು, ಎಲ್ಲ ಊರಿನಲ್ಲೂ ನಿಂತಿತು. ಒಂದು ಕಡೆ ದನಗಳು ರಸ್ತೆ ಬಿಡಲಿಲ್ಲ. ಇನ್ನೊಂದು ಕಡೆ ಡ್ರೈವರ್ ಇಳಿದು ಚಹಾ ಕುಡಿದು ಬಂದ. ಔರಾದಿನಲ್ಲಿ ಇಳಿದಾಗ ಗಂಟೆ ನಾಲ್ಕಾಗಿತ್ತು. ಹನ್ನೊಂದು ವರ್ಷ ಮಾಸ್ತರರು ದಿನಕ್ಕೆರಡು ಸಲ ಈ ದಾರಿಯಲ್ಲಿ ಕುಳಿತಿದ್ದರು. ನಾನು ಒಂದು ಸಲವೂ ಈ ಬಸ್ಸು ಹತ್ತಿರಲಿಲ್ಲ.

ಕೇಳಿಕೊಂಡು ಮನೆ ಹುಡುಕಿದೆ. ಅವರು ಆಗ ತಾನೇ ಎಕಂಬಾದ ಹೊಲದಿಂದ ವಾಪಸು ಬಂದು ಕಾಲು ತೊಳೆಯುತ್ತಿದ್ದರು. ನನ್ನನ್ನು ನೋಡಿ ತಂಬಿಗೆ ಇಟ್ಟು ಓಡಿಬಂದರು.

"ಬರ್ರಿ ಬರ್ರಿ ಸರ್. ಏ ಇವಳ, ಯಾರ ಬಂದಾರ ನೋಡು. ನಮ್ಮ ತಡದ ಪುಸ್ತಕ ಮನಿ ತನಕ ಬಂದದ."

ಹೆಂಡತಿ ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದರು, ಚಹಾ ಇಟ್ಟರು. ಮಾಸ್ತರರು ನನ್ನೆದುರು ಕುಳಿತು ಕೇಳಿದರು.

"ಡಬ್ಬಿ ಪಾಸ್ ಆತೇನ್ರಿ?"

"ಆತ್ರಿ."

"ಎಷ್ಟು?"

"ಎಂಬತ್ತೇಳು."

"ನಾ ಅಂದಿರ್ಲಿಲ್ಲೇನು," ಎಂದು ಅವರು ಹೆಂಡತಿಯ ಕಡೆ ತಿರುಗಿದರು. "ಆರು ಸಲ ಹಾಡೀನಿ, ಪಾಸ್ ಆಗ್ದೇ ಹ್ಯಾಂಗ?"

ನಾನು ಪತ್ರವನ್ನು ಮುಂದಿಟ್ಟೆ. ಅವರು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಓದಿದರು. ಸಣ್ಣ ಪತ್ರ, ಆದರೂ ಬಹಳ ಹೊತ್ತು ಓದಿದರು. ಆಮೇಲೆ ಹೆಂಡತಿಗೆ ಒಂದೇ ವಾಕ್ಯದಲ್ಲಿ ಹೇಳಿದರು. ಆಕೆ ಚಹಾದ ಬಸಿಯನ್ನು ನನ್ನ ಮುಂದಿಟ್ಟು, ನನ್ನ ಕಡೆ ನೋಡದೆ ಗಂಡನಿಗೆ ಅಂದರು:

"ನಿಮ್ಮ ದನೀನೇ ನಿಮ್ಮ ಹೊಟ್ಟಿ ಮ್ಯಾಲ ಹೊಡೀತು ನೋಡ್ರಿ."

"ಸುಮ್ನಿರು. ಸರ್‌ದು ಏನದ ಇದ್ರಾಗ, ಅವರು ಮಾರ್ಕ್ ಹಾಕ್ಯಾರ ಅಷ್ಟೇ," ಎಂದರು ಮಾಸ್ತರರು. ಬೈದಿದ್ದರೆ ನಾನು ಕುಳಿತುಕೊಳ್ಳಬಹುದಿತ್ತು. ಆ ಮಾತು ಕೇಳಿ ಎದ್ದು ಹೋಗಬೇಕೆನಿಸಿತು. ಅವರು ಕೈ ಚಾಚಿದರು. "ಡಬ್ಬಿ ತಂದೀರೇನ್ರಿ? ಒಮ್ಮಿ ಕೇಳ್ತೇನಿ. ನನ್ನ ದನಿ ನಾನೇ ಕೇಳಿಲ್ಲ."

ತಂತಿ ಕಿವಿಗೆ ಹಚ್ಚಿ ಗುಂಡಿ ಒತ್ತಿಕೊಟ್ಟೆ. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿತ್ತು. ಮೊದಲ ಸಾಲು ಮುಗಿದಲ್ಲಿ ಬೆರಳು ಎದ್ದು ಮೇಲೆಯೇ ನಿಂತಿತು. ಡಬ್ಬಿ ಮುಂದೆ ಹೋಗಿಬಿಟ್ಟಿತ್ತು. ಅವರು ಕಣ್ಣು ತೆರೆದರು.

"ಇಲ್ಲಿ ನಾ ನಿಲ್ತಿದ್ದೆ. ನೀವು ನಿಲ್ಲಗೊಡ್ಲಿಲ್ಲ."

"ಯಾಕ ನಿಲ್ತಿದ್ರಿ?"

"ಬೇವಿನ ಗಿಡದ ಕಡಿ ನಿಲ್ಲೋರು ಹೊಸ ಮಕ್ಳರಿ, ಎಂಟನೇ ಇಯತ್ತೆದವ್ರು. ಅದ್ರಾಗ ಮರಾಠಿ ಮನಿಯವ್ರು, ಉರ್ದು ಮನಿಯವ್ರು ಭಾಳ. ಕನ್ನಡ ಶಬ್ದ ಅವ್ರ ಬಾಯಿಗಿ ಬರ್ಲಕ್ಕ ಒಂದು ಉಸಿರು ಹೆಚ್ಚ ಬೇಕಾಗ್ತದ. ಅವ್ರದು ಬಂದು ಮುಟ್ಟೋ ತನ ಗಾಳಿ ಹಿಡದು ನಿಲ್ತಿದ್ದೆ. ದೀಪಾವಳಿ ತನ ನಿಂತ್ರ ಸಾಕು, ಮುಂದ ಅವ್ರೇ ಓಡ್ತಾರ." ತಂತಿಯನ್ನು ಕಿವಿಯಿಂದ ತೆಗೆದು ಮಡಚಿದರು. "ಈಗ ಹಾಡ್ತಾರೇನ್ರಿ?"

"ಇಲ್ರಿ."

"ಹಾಂ."

ಸಾಲಿನ ಕೊನೆಗೆ ನಿಲ್ಲುತ್ತಿದ್ದ ಆ ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ನಾನು ಹನ್ನೊಂದು ವರ್ಷ ಅವರನ್ನು ಮನಸ್ಸಿನಲ್ಲೇ ಬೈದಿದ್ದೆ. ಅಳೆದು ತೆಗೆದು ಹಾಕಿದ್ದೂ ಅದನ್ನೇ.

ಅವರಿಗೆ ಏನಾದರೂ ಹೇಳಬೇಕಿತ್ತು. ಹೇಳಲು ಬಾಯಿ ತೆರೆದರೆ ಬಂದದ್ದು ಇಷ್ಟೇ: "ಒಂದು ಪ್ರತಿ ಮ್ಯಾಲ ಸಹಿ ಬೇಕಾಗಿತ್ತು."

ಅವರು ನನ್ನ ಪೆನ್ನನ್ನೇ ತೆಗೆದುಕೊಂಡು, ಪತ್ರವನ್ನು ಮೊಣಕಾಲ ಮೇಲಿಟ್ಟು, ಹಾಡಿನ ಪುಸ್ತಕದಲ್ಲಿ ಬರೆಯುವ ಹಾಗೆ ದುಂಡಗೆ ಸಹಿ ಮಾಡಿದರು.

"ಟೈಮ್ ಹಾಕ್ಬೇಕೇನ್ರಿ?"

"ಹಾಕ್ಬೇಕ್ರಿ."

"ಎಷ್ಟಾಗ್ಯದ?"

ಗಡಿಯಾರ ನೋಡಿ, "ನಾಲ್ಕು ಮೂವತ್ತೊಂದು," ಎಂದೆ.

"ಇವತ್ತು ತಡ ಆಗಿಲ್ಲಲ್ರಿ ನಂದು," ಎಂದು ಬರೆದುಕೊಟ್ಟರು. ಹೊರಡುವಾಗ ಒಳಗಿನಿಂದ ಹುರಿದ ಶೇಂಗಾ ತಂದು ನನ್ನ ಜೇಬಿಗೆ ಸುರಿದರು. ಬೇಡ ಎನ್ನುವಷ್ಟರಲ್ಲಿ ಜೇಬು ತುಂಬಿತ್ತು, ಡಬ್ಬಿಯೂ ಅದೇ ಜೇಬಿನಲ್ಲಿತ್ತು.

ಮತ್ತೆ ಅವರು ಶಾಲೆಗೆ ಬರಲಿಲ್ಲ. ವರ್ಷದೊಳಗೆ ಔರಾದಿನ ಮನೆ ಬಿಟ್ಟು ಎಕಂಬಾಕ್ಕೆ ಹೋದರೆಂದು ಚಾಚಾ ಹೇಳಿದರು. ನಾನು ನಿವೃತ್ತನಾಗುವ ತನಕ, ಪ್ರತಿ ದಿನ ಹತ್ತಕ್ಕೆ ಹತ್ತು ನಿಮಿಷವಿರುವಾಗ, ಆ ಡಬ್ಬಿಯ ಅಥವಾ ಅದರ ನಂತರದ ಡಬ್ಬಿಗಳ ಗುಂಡಿ ಒತ್ತಿದೆ. ಬಾಯಿ ಮುಚ್ಚಿದ ಸಾಲುಗಳ ಮುಂದೆ ನಿಂತೆ. ಎಲ್ಲರೂ ನಮ್ಮ ಶಾಲೆಯ ಶಿಸ್ತನ್ನು ಹೊಗಳಿದರು.

ಆ ಶನಿವಾರ ಔರಾದಿನಿಂದ ಬೀದರಿನ ಬಸ್ಸು ಸಿಕ್ಕಿ ಮನೆ ಮುಟ್ಟಿದಾಗ ಸಂಜೆ ಏಳು ಗಂಟೆ. ಕೈಕಾಲು ತೊಳೆದೆ. ಸಹಿ ಮಾಡಿದ ಪ್ರತಿಗೆ ತೂತು ಹಾಕಿ ಫೈಲಿಗೆ ಸೇರಿಸಿದೆ. ದಿನಚರಿಯಲ್ಲಿ, ಪತ್ರ ತಲುಪಿಸಿದ್ದಾಯಿತು, ೪:೩೧ ಎಂದು ಬರೆದೆ. ಬಿಳಿ ಬೂಟಿಗೆ ಸುಣ್ಣ ಹಚ್ಚಿ ಕಿಟಕಿಯಲ್ಲಿಟ್ಟೆ. ಬಳಸದಿದ್ದಾಗ ಸೆಲ್ ಹೊರಗೆ ತೆಗೆದಿಡಬೇಕು ಎಂದು ಪೆಟ್ಟಿಗೆಯ ಮೇಲೆ ಸೂಚನೆ ಇತ್ತು. ಡಬ್ಬಿಗೆ ಅಂಟಿದ್ದ ಶೇಂಗಾದ ಸಿಪ್ಪೆ ಒರೆಸಿ, ಮುಚ್ಚಳ ಸರಿಸಿ ಸೆಲ್ ತೆಗೆದು, ಎರಡನ್ನೂ ಬೇರೆಬೇರೆ ಕಾಗದದಲ್ಲಿ ಸುತ್ತಿ ಕಪಾಟಿಗೆ ಬೀಗ ಹಾಕಿದೆ.